ಪರದೆ ಇಲ್ಲದ ಕಂಪ್ಯೂಟರ್ ಕೇಳಿದವಳು

2022ರ ಮಳೆಗಾಲ ಆಗಷ್ಟೇ ಹಿಡಿದಿತ್ತು. ಕೊರೊನಾದ ಎರಡು ವರ್ಷಗಳ ನಂತರ ಸರ್ಕಾರಿ ಕಚೇರಿಗಳು ಮತ್ತೆ ಬಾಗಿಲು ತೆರೆದಿದ್ದವು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ಕೆಲಸ ನಡೆಯುತ್ತಿತ್ತೆಂದು ಅರ್ಥವಲ್ಲ. ಅಂಗವಿಕಲರ ಪ್ರಮಾಣಪತ್ರಗಳನ್ನು ನವೀಕರಿಸಿಕೊಡುವ ಶಿಬಿರ ಹಳಿಯಾಳದಲ್ಲಿ ನಡೆಯುವುದೆಂದು ಪ್ರಕಟಣೆ ಬಂದಿದ್ದರಿಂದ ನಾನು ದಾಂಡೇಲಿಯ ಅಂಬೇವಾಡಿಯಿಂದ ಅಲ್ಲಿಗೆ ಹೋಗಿದ್ದೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ನಂತರ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಸಣ್ಣ ಸಂಘಟನೆಯೊಂದನ್ನು ಸೇರಿ, ಅರ್ಜಿ, ದೂರು, ಮನವಿಪತ್ರ ಬರೆಯುವ ಕೆಲಸವನ್ನು ವಹಿಸಿಕೊಂಡಿದ್ದೆ. ಅನ್ಯಾಯ ಕಂಡರೆ ಅದನ್ನು ಹೆಸರು ಹಿಡಿದು ಕರೆಯಬೇಕು, ಅದೂ ನಾಲ್ಕು ಜನರ ಮುಂದೆ ಕರೆಯಬೇಕು ಎಂದು ಕಲಿಸಿದ ಶಾಲೆಯಲ್ಲಿ ನಾನು ಓದಿದವಳು. ಆ ಪಾಠದ ಬಗ್ಗೆ ನನಗೆ ಹೆಮ್ಮೆಯಿತ್ತು. ಈ ಅನುಭವವನ್ನು ಬರೆಯುವಾಗ ಅದನ್ನು ಮುಚ್ಚಿಡಬಾರದು.

ಶಿಬಿರದಲ್ಲಿ ವೈದ್ಯರೇ ಬಂದಿರಲಿಲ್ಲ. ಮಧ್ಯಾಹ್ನದವರೆಗೆ ಕಾದ ಜನರಿಗೆ ಮುಂದಿನ ತಿಂಗಳು ಬನ್ನಿ ಎಂದು ಗುಮಾಸ್ತರೊಬ್ಬರು ಹೇಳಿ ಒಳಗೆ ಹೋದರು. ಆಗ ಬೆಂಚಿನ ತುದಿಯಲ್ಲಿ ಕುಳಿತಿದ್ದ ಯುವತಿಯೊಬ್ಬಳು ಜೋರಾಗಿ ಹೇಳಿದಳು:

"ನಾ ಕುರುಡಿ ಅನ್ನೂದನ್ನ ಇವ್ರು ಮತ್ತೊಮ್ಮೆ ನೋಡಬೇಕಂತ. ಹೋದ ಸಲ ನೋಡಿದ್ದು ಇವರಿಗೇ ನೆನಪಿಲ್ಲ. ಕಣ್ಣು ನನ್ನವು ಹೋಗ್ಯಾವೋ, ಇವರವೋ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೀಗೆ ಶಿವಲೀಲಾಳ ಪರಿಚಯವಾಯಿತು.

ಅವಳು ಹಳಿಯಾಳ ತಾಲ್ಲೂಕಿನ ತೇರಗಾಂವದವಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಹನ್ನೊಂದನೆಯ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಣ್ಣುಗಳನ್ನು ತೆಗೆದುಕೊಂಡು ಹೋಗಿತ್ತು. ಹುಬ್ಬಳ್ಳಿ ಕಡೆಯ ವಸತಿಶಾಲೆಯೊಂದರಲ್ಲಿದ್ದು ಪದವಿಯವರೆಗೆ ಓದಿ, ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತಿದ್ದಳು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಅದರ ದನಿಯನ್ನು ಕೇಳುತ್ತ, ಗುಂಡಿಗಳನ್ನು ಒತ್ತುತ್ತ ಅವಳು ನನಗಿಂತ ಮೂರುಪಟ್ಟು ವೇಗದಲ್ಲಿ ಬರೆಯಬಲ್ಲವಳಾಗಿದ್ದಳು. ಶಾಲೆ ಅವಳಿಗೆ ವಿದ್ಯೆ ಕೊಟ್ಟಿತು, ಪ್ರಮಾಣಪತ್ರ ಕೊಟ್ಟಿತು; ಆ ವಿದ್ಯೆಯನ್ನು ಬಳಸಲು ಬೇಕಾದ ಯಂತ್ರವನ್ನು ಯಾರೂ ಕೊಡಲಿಲ್ಲ. ಎರಡು ವರ್ಷಗಳಿಂದ ಅವಳು ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಈಜು ಕಲಿಸಿ ಮರಳಿನಲ್ಲಿ ಬಿಟ್ಟ ಹಾಗೆ ಎಂದು ನಾನು ಒಂದು ಮನವಿಪತ್ರದಲ್ಲಿ ಬರೆದದ್ದೂ ಉಂಟು. ಅದಕ್ಕೆ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಅವಳಿಗೊಂದು ಅವಕಾಶ ಒದಗಿತು. ಭಾಷಣ, ಸಂದರ್ಶನಗಳ ಧ್ವನಿಮುದ್ರಣ ಕೇಳಿ ಅದನ್ನು ಬರಹಕ್ಕೆ ಇಳಿಸಿಕೊಡುವವರು ಬೇಕೆಂದು ಹುಬ್ಬಳ್ಳಿಯ ಒಂದು ಸಂಸ್ಥೆ ಕರೆದಿತ್ತು. ಮನೆಯಲ್ಲೇ ಕುಳಿತು ಮಾಡುವ ಕೆಲಸ. ತಿಂಗಳು ತಿಂಗಳು ಸಂಬಳ. ಎರಡು ತಿಂಗಳ ನಂತರ ಪರೀಕ್ಷೆ. ಅಭ್ಯರ್ಥಿಯ ಬಳಿ ಸ್ವಂತ ಕಂಪ್ಯೂಟರ್ ಇರಲೇಬೇಕು ಎಂಬುದು ಷರತ್ತು. ಬಡವರನ್ನು ಬಾಗಿಲಲ್ಲೇ ತಡೆಯಲು ಇಂಥ ಒಂದು ಸಾಲು ಸಾಕು.

ನಮ್ಮ ಸಂಘಟನೆ ಮೂವತ್ತು ಸಾವಿರ ರೂಪಾಯಿ ಕೂಡಿಸಿತು. ಅದರಲ್ಲಿ ದೊಡ್ಡ ಪಾಲನ್ನು ಹಳಿಯಾಳದ ವ್ಯಾಪಾರಿಯೊಬ್ಬರು ಕೊಟ್ಟರು. ಹಸ್ತಾಂತರದ ದಿನ ಕಂಪ್ಯೂಟರಿನ ಪಕ್ಕದಲ್ಲಿ ನಿಂತ ತಮ್ಮ ಫೋಟೊ ತೆಗೆಯಬೇಕೆಂಬುದಷ್ಟೇ ಅವರ ಕೋರಿಕೆಯಾಗಿತ್ತು. ದಾನವನ್ನು ಪ್ರದರ್ಶನಕ್ಕಿಡುವ ಈ ಪದ್ಧತಿ ನನಗೆ ಸೇರದು. ಆದರೂ ಒಪ್ಪಿಕೊಂಡೆ.

ದಾಂಡೇಲಿಯಲ್ಲಿ ಖಾದರ್‌ಭಾಯಿಯವರದೊಂದು ಅಂಗಡಿಯಿದೆ. ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿದು, ಅಲ್ಲಿಂದ ಬಿಟ್ಟ ಮೇಲೆ ಕಂಪ್ಯೂಟರ್ ರಿಪೇರಿ ಕಲಿತು, ಬಿಡಿಭಾಗಗಳನ್ನು ಜೋಡಿಸಿ ಕೊಡುವುದರಲ್ಲಿ ಹೆಸರು ಮಾಡಿದವರು. ಯಾರೇ ಬರಲಿ, ಎಷ್ಟು ಹಣವಿದೆ ಎಂದು ಅವರು ಮೊದಲು ಕೇಳುವುದಿಲ್ಲ. "ಮಷೀನ್ ಮುಂದ ಕೂಡಾವ್ರು ಯಾರು?" ಎಂದು ಕೇಳುತ್ತಾರೆ. ಮಗ ಆಟ ಆಡುವವನೋ, ಮಾವ ಲೆಕ್ಕ ಬರೆಯುವವರೋ ಎಂದು ತಿಳಿದ ಮೇಲೆಯೇ ಚೀಟಿ ಬರೆಯುವುದು ಅವರ ಕ್ರಮ.

ಆ ದಿನ ಶಿವಲೀಲಾ ತನ್ನ ಅಣ್ಣ ಬಸವರಾಜನೊಂದಿಗೆ ಬಸ್ಸಿನಲ್ಲಿ ಬಂದಿದ್ದಳು. ಖಾದರ್‌ಭಾಯಿ ತಮ್ಮ ಪ್ರಶ್ನೆ ಕೇಳಿದರು.

"ನಾನರಿ," ಎಂದಳು ಶಿವಲೀಲಾ.

ಅವರು ತಕ್ಷಣ ಸ್ಟೂಲನ್ನು ನನ್ನ ಕಡೆಯಿಂದ ಅವಳ ಕಡೆಗೆ ತಿರುಗಿಸಿಕೊಂಡು ಕುಳಿತರು. ಗಾಜಿನ ಕಪಾಟಿನಿಂದ ಒಂದೊಂದೇ ಭಾಗವನ್ನು ತೆಗೆದು ಅವಳ ಕೈಯಲ್ಲಿಟ್ಟರು. ಇದು ಮದರ್‌ಬೋರ್ಡ್, ಇದು ಪ್ರೊಸೆಸರ್, ಇದು ರ‍್ಯಾಮ್.

"ಇದು ಬಿಸ್ಕೀಟಿನಂಗ ಐತಲ್ಲರಿ!" ಎಂದಳು ಅವಳು, ರ‍್ಯಾಮನ್ನು ಬೆರಳುಗಳಲ್ಲಿ ಹಿಡಿದು.

"ಕಡಿಬ್ಯಾಡವ್ವಾ ಮತ್ತ. ಎರಡ ಸಾವಿರ ರೂಪಾಯಿ ಬಿಸ್ಕೀಟ ಅದು."

ಅವರು ಚೀಟಿ ಬರೆಯತೊಡಗಿದರು. ಓದಿ ಹೇಳುವ ದನಿ ತಡವರಿಸಬಾರದೆಂದರೆ ಎಂಟು ಜಿಬಿ ರ‍್ಯಾಮ್ ಬೇಕು. ಯಂತ್ರ ಬೇಗ ಏಳಬೇಕೆಂದರೆ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಬೇಡ, ಎಸ್ಎಸ್‌ಡಿ ಇರಲಿ. ತೇರಗಾಂವದ ಕರೆಂಟು ಗೊತ್ತಿದ್ದದ್ದೇ. ಅದು ಹೋದಾಗ ಒಂದಷ್ಟು ಹೊತ್ತು ತಡೆದುಕೊಳ್ಳಲು ಯುಪಿಎಸ್ ಬೇಕೇ ಬೇಕು. ಒಳ್ಳೆಯ ಹೆಡ್‌ಫೋನ್. ಬಲಗಡೆ ಅಂಕಿಗಳ ಗುಂಡಿಗಳಿರುವ ದೊಡ್ಡ ಕೀಬೋರ್ಡ್. ಲ್ಯಾಪ್‌ಟಾಪ್ ಏಕೆ ಬೇಡವೆಂದು ನಾನು ಮೊದಲೇ ಅವಳನ್ನು ಕೇಳಿದ್ದೆ. ಆ ಅಂಕಿಯ ಗುಂಡಿಗಳಿಂದಲೇ ತನಗೆ ಸಾಲು ಸಾಲಾಗಿ ಓದಿಸಿ ರೂಢಿ ಎಂದಿದ್ದಳು. ಸ್ವಲ್ಪ ತಡೆದು, "ಮತ್ತ ಲ್ಯಾಪ್‌ಟಾಪ್ ಎತ್ತಿಕೊಂಡ ಹೋಗಾಕ ಹಗರ ಇರತೈತ್ರಿ," ಎಂದೂ ಸೇರಿಸಿದ್ದಳು. ಯಾರು ಎತ್ತಿಕೊಂಡು ಹೋಗುತ್ತಾರೆಂದು ನಾನು ಕೇಳಲಿಲ್ಲ. ಕಳ್ಳರ ಭಯವಿರಬೇಕೆಂದು ಭಾವಿಸಿದೆ.

"ಮಾನಿಟರ್ ಎಷ್ಟ ದೊಡ್ಡದು ಬೇಕು?" ಎಂದು ನಾನು ಖಾದರ್‌ಭಾಯಿಯವರನ್ನು ಕೇಳಿದೆ.

"ಮಾನಿಟರ್ ಬ್ಯಾಡ್ರಿ," ಎಂದಳು ಶಿವಲೀಲಾ.

ಬಸವರಾಜ ನಕ್ಕುಬಿಟ್ಟ. "ಏ ಹುಚ್ಚಿ, ಪರದೆ ಇಲ್ಲದ ಕಂಪ್ಯೂಟರ್ ಎಲ್ಲ್ಯಾರ ಇರತೈತೇನ? ರುಂಡ ಇಲ್ಲದ ಮುಂಡ ತಗೊಂಡ ಹೋದಂಗ ಆಗತೈತಿ. ಊರ ಮಂದಿ ನಗತಾರ."

"ನಡೀತೈತಿ," ಎಂದರು ಖಾದರ್‌ಭಾಯಿ. "ಎಲ್ಲಾ ಜೋಡಿಸೂಮುಂದ ನನ್ನ ಅಂಗಡಿ ಮಾನಿಟರ್ ಹಚ್ಚಿ ಸೆಟ್ ಮಾಡಿ ಕೊಡ್ತೇನಿ. ಆಮ್ಯಾಲೆ ಈಕಿಗೆ ಬೇಕಾಗಂಗಿಲ್ಲ. ಆ ರೊಕ್ಕ ಒಳಗಿನ ಸಾಮಾನಿಗೆ ಬರ್ತೈತಿ, ಬಾಯಾರ."

ನಮ್ಮ ಕಡೆ ಶಿಕ್ಷಕಿಯರನ್ನು ಕೆಲವರು ಬಾಯಾರ ಎಂದೂ ಕೆಲವರು ಅಕ್ಕಾರ ಎಂದೂ ಕರೆಯುತ್ತಾರೆ. ಆ ಗೌರವದ ಪೀಠದಿಂದಲೇ ನಾನು ಮಾತನಾಡಿದೆ.

"ಕಣ್ಣಿದ್ದವರಿಗೆ ಇಡೀ ಯಂತ್ರ, ಇಲ್ಲದವರಿಗೆ ಅರ್ಧ ಯಂತ್ರ ಅಂದ್ರ ಅದು ತಾರತಮ್ಯ, ಶಿವಲೀಲಾ. ಮೊದಲಿಂದಾನೂ ಕಡಿಮಿ ಕೇಳೂದನ್ನ ಸಮಾಜ ನಿಮಗ ಕಲಿಸೇತಿ. ನೀ ಕಡಿಮಿ ಕೇಳಬ್ಯಾಡ."

ಎಷ್ಟು ಚೆಂದದ ಮಾತು! ದಾನಿಗಳ ಫೋಟೊದಲ್ಲಿ ಬೆಳಗುವ ಪರದೆ ಇರಬೇಕೆಂಬುದೂ ನನ್ನ ಮನಸ್ಸಿನ ಹಿಂದೆ ಇತ್ತು. ಆದರೆ ಅದನ್ನು ನಾನು ಸಮಾನತೆಯ ಮಾತಿನಿಂದ ಮುಚ್ಚಿದೆ.

ಶಿವಲೀಲಾ ನನ್ನ ದನಿ ಬಂದ ಕಡೆಗೆ ಬಾಗಿ ಮೆಲ್ಲಗೆ ಕೇಳಿದಳು: "ಅಕ್ಕಾರ, ಒಂದ ಮಾತೈತ್ರಿ. ಸ್ವಲ್ಪ ಹೊರಗ ಬರ್ತೀರೇನ್ರಿ?"

"ಇಲ್ಲೇ ಹೇಳು," ಎಂದೆ. "ನಿನ್ನ ಹಕ್ಕಿನ ಮಾತನ್ನ ನಾಲ್ಕು ಮಂದಿ ಮುಂದ ಹೇಳಾಕ ಯಾಕ ಅಂಜತಿ? ಹೊರಗ ಹೋಗಿ ಹೇಳೂವಂಥಾದ್ದು ಏನೂ ಇರಬಾರದು."

ಅವಳ ಪಕ್ಕದಲ್ಲಿ ಅಣ್ಣ ಕುಳಿತಿದ್ದ. ಅವಳ ಬೆರಳುಗಳು ರ‍್ಯಾಮಿನ ಅಂಚನ್ನು ಎರಡು ಸಲ ಸವರಿದವು.

"ಏನಿಲ್ಲ ಬಿಡ್ರಿ. ನಿಮ್ಮ ಇಷ್ಟ," ಎಂದು ಹೇಳಿ ಅದನ್ನು ಮೇಜಿನ ಮೇಲೆ ಇಟ್ಟಳು.

ಇಪ್ಪತ್ತೆರಡು ಇಂಚಿನ ಮಾನಿಟರ್ ಆರಿಸಿದೆವು. ಆ ಹಣ ಸರಿಹೊಂದಲು ಎಂಟು ಜಿಬಿ ಇದ್ದದ್ದು ನಾಲ್ಕಾಯಿತು; ಎಸ್ಎಸ್‌ಡಿ ಬದಲು ಹಳೆಯ ಹಾರ್ಡ್ ಡಿಸ್ಕ್ ಬಂತು; ಯುಪಿಎಸ್ ಚೀಟಿಯಿಂದ ಹೊರಗೆ ಹೋಯಿತು. ಖಾದರ್‌ಭಾಯಿ ಒಂದೊಂದರ ಮೇಲೆ ಗೆರೆ ಎಳೆಯುತ್ತ, "ಹೊರಗಿಂದ ಚಂದ ಕಾಣತೈತಿ ಬಾಯಾರ, ಆದ್ರ ಒಳಗ ದಮ್ಮ ಇರಂಗಿಲ್ಲ," ಎಂದರು.

"ಮುಂದ ಸೇರಿಸೂಣು," ಎಂದೆ.

"ಮುಂದ," ಎಂದು ಅವರು ನನ್ನ ಮಾತನ್ನೇ ಹಿಂದಕ್ಕೆ ಕೊಟ್ಟು ಪೆನ್ನಿನ ಮುಚ್ಚಳ ಹಾಕಿದರು.

ಹಸ್ತಾಂತರದ ದಿನ ತೇರಗಾಂವದ ಆ ಮನೆಯ ಪಡಸಾಲೆ ತುಂಬಿ ಹೋಗಿತ್ತು. ತಾಯಿ ಕಲ್ಲವ್ವ ತೆಂಗಿನಕಾಯಿ ಒಡೆಸಿ, ಮಾನಿಟರಿನ ಮೇಲಂಚಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಹೂ ಏರಿಸಿದರು. ವಿಭೂತಿಯ ವಾಸನೆ ಹಿಡಿದ ಶಿವಲೀಲಾ ಕೇಳಿದಳು: "ಯಾವುದಕ್ಕ ಹಚ್ಚಿದಿ, ಅವ್ವಾ?"

"ಕಂಪ್ಯೂಟರಿಗೆ."

"ಕಂಪ್ಯೂಟರ್ ಕೆಳಗಿನ ಡಬ್ಬ್ಯಾಗ ಐತಿ. ಮ್ಯಾಲಿಂದು ಬರೇ ಅದರ ಮಾರಿ. ನೀ ಮಾರಿಗೆ ಪೂಜಿ ಮಾಡಿದಿ," ಎಂದು ಅವಳು ಪರದೆಯನ್ನು ಕಂಪ್ಯೂಟರಿನ ಮುಖ ಮಾಡಿಬಿಟ್ಟಳು.

"ಮಾರಿಗೇ ಅಲ್ಲೇನವ್ವಾ ಎಲ್ಲಾರೂ ಹಚ್ಚೂದು," ಎಂದರು ಕಲ್ಲವ್ವ. ಎಲ್ಲರೂ ನಕ್ಕರು. ದಾನಿಗಳು ಬೆಳಗುತ್ತಿದ್ದ ಪರದೆಯ ಪಕ್ಕದಲ್ಲಿ ನಿಂತರು. ಶಿವಲೀಲಾಳನ್ನು ಎಲ್ಲಿ ನೋಡಬೇಕೆಂದು ಹೇಳಲು ಛಾಯಾಗ್ರಾಹಕನಿಗೆ ತೋಚದೆ, ಅವನು ಅವಳ ಗಲ್ಲ ಹಿಡಿದು ಮುಖವನ್ನು ಪರದೆಯ ಕಡೆಗೆ ತಿರುಗಿಸಿದ. ಅನುಮತಿಯಿಲ್ಲದೆ ಅವಳನ್ನು ಮುಟ್ಟಬಾರದೆಂದು ನಾನು ಅವನನ್ನು ಎಲ್ಲರ ಎದುರೇ ಗದರಿಸಿದೆ. ಅವಳಿಗೆ ಬೇಡವಾದ ವಸ್ತುವಿನ ಕಡೆಗೆ ಅವಳ ಮುಖವನ್ನು ಮೊದಲು ತಿರುಗಿಸಿದವಳು ನಾನೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಜನ ಹೋದ ಮೇಲೆ ಅವಳು ಯಂತ್ರದ ಮುಂದೆ ಕುಳಿತಳು. ತನಗೆ ಪದೇ ಪದೇ ಬೇಕಾಗುವ ಮೂರು ಗುಂಡಿಗಳ ಮೇಲೆ ತಾಯಿಯ ಹರಳಿನ ಟಿಕಳಿಗಳನ್ನು ಅಂಟಿಸಿಕೊಂಡಿದ್ದಳು. ಹಣೆಗೆ ಇಟ್ಟುಕೊಳ್ಳುವ ಆ ಬೊಟ್ಟುಗಳ ಮೇಲೆ ಅವಳ ಬೆರಳು ತಪ್ಪದೆ ಬಂದು ನಿಲ್ಲುತ್ತಿತ್ತು. ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಹಿಡಿದಳು. ಹಂಚಿನ ಮೇಲೆ ಕಾಳು ಸಿಡಿದಂತೆ ಅಕ್ಷರಗಳು ಉದುರುತ್ತಿದ್ದವು. ನನಗೆ ಒಂದೂ ತಿಳಿಯಲಿಲ್ಲ.

"ಇಷ್ಟ ಜೋರ ಓಡಿದ್ರ ಹೆಂಗ ತಿಳಿತೈತಿ ನಿನಗ?"

"ನಿಮಗ ಕಣ್ಣ ಓಡತಾವಲ್ಲರಿ, ಹಂಗ," ಎಂದಳು. ಅವಳ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಮತ್ತೆಂದೂ ಕಾಣಲಿಲ್ಲ.

ಒಂದು ತಿಂಗಳ ನಂತರ ಒಂದು ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಬಾಗಿಲಿನ ಹೊರಗೆ ಚಪ್ಪಲಿಗಳ ರಾಶಿಯಿತ್ತು. ಪಡಸಾಲೆಯಲ್ಲಿ ಓಣಿಯ ಮಂದಿ ಕುಳಿತು ಕಂಪ್ಯೂಟರಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಆ ಮನೆಯಲ್ಲಿ ಟಿವಿ ಕೆಟ್ಟು ಬಹಳ ದಿನವಾಗಿತ್ತು; ಇಪ್ಪತ್ತೆರಡು ಇಂಚಿನ ಪರದೆ ಅದರ ಜಾಗಕ್ಕೆ ಬಂದು ಕುಳಿತಿತ್ತು. ಶಿವಲೀಲಾ ಅಡುಗೆಮನೆಯಲ್ಲಿದ್ದಳು.

"ನೀ ಯಾವಾಗ ಕೂಡ್ತಿ?" ಎಂದು ಕೇಳಿದೆ.

"ಮುಂಜಾನೆ ಅಣ್ಣ ಹೊಲಕ್ಕ ಹೋದ ಮ್ಯಾಲ್ರಿ. ಹೆಡ್‌ಫೋನ್ ಕಿತ್ತು ಎಲ್ಲೋ ಒಗದಿರತಾರ. ಓದೂ ದನಿ ನಡುವ ಕಿರಿಕಿರಿ ಅಂತ ಅದನ್ನ ಬಂದ್ ಮಾಡಿರತಾರ. ಎಲ್ಲಾ ಮೊದಲಿನಂಗ ಮಾಡೂದರಾಗ ಅರ್ಧ ತಾಸ ಹೊಕ್ಕೈತಿ. ಆಮ್ಯಾಲೆ ಅದು ಏಳೂದೂ ಭಾಳ ಸಾವಕಾಶ."

ಕಣ್ಣಿಲ್ಲದವಳಿಗೆ ಕಣ್ಣಾಗಬೇಕಾದ ದನಿಯನ್ನು ಕಿರಿಕಿರಿ ಎಂದು ಕರೆದು ನಿಲ್ಲಿಸಿದ್ದರು! ನಾನು ಪಡಸಾಲೆಗೆ ಬಂದು ಎಲ್ಲರ ಮುಂದೆ ಮಾತನಾಡಿದೆ. ಇದು ಅವಳ ಹಕ್ಕಿನ ಯಂತ್ರ, ನೀವು ಮಾಡುತ್ತಿರುವುದು ಕಿತ್ತುಕೊಳ್ಳುವ ಕೆಲಸ ಎಂದೆ. ಜನ ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಬಸವರಾಜ ತಲೆತಗ್ಗಿಸಿ ಕುಳಿತ. ಕಲ್ಲವ್ವ ನನಗೆ ಚಹಾ ಕೊಟ್ಟರು, ಆದರೆ ಮುಖ ಕೊಡಲಿಲ್ಲ. ಶಿವಲೀಲಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಹೋದ ಮೇಲೆ ಆ ಮಾತುಗಳ ಬೆಲೆಯನ್ನು ತೆರಬೇಕಾದವಳು ಅವಳೆಂದು ನಾನು ಯೋಚಿಸಲಿಲ್ಲ. ಮನೆಯ ಮಾತನ್ನು ಹೊರಗಿನವರಿಗೆ ಹೇಳಿಕೊಟ್ಟಳೆಂದು ವಾರಗಟ್ಟಲೆ ಯಾರೂ ಅವಳೊಡನೆ ಸರಿಯಾಗಿ ಮಾತನಾಡಲಿಲ್ಲವಂತೆ. ಇದು ನನಗೆ ಬಹಳ ತಡವಾಗಿ ತಿಳಿಯಿತು.

ಪರೀಕ್ಷೆಯ ದಿನ ಬಂತು. ಆ ದಿನ ಜೊತೆಗಿರಿ ಎಂದು ಅವಳೇ ಕರೆದಿದ್ದಳು. ಬೆಳಿಗ್ಗೆ ಹತ್ತಕ್ಕೆ ಒಂದು ಧ್ವನಿಮುದ್ರಣ ಬರುತ್ತದೆ. ಅದನ್ನು ಕೇಳಿ ಬರೆದು ಒಂದು ಗಂಟೆಯೊಳಗೆ ಕಳುಹಿಸಬೇಕು. ಬಸವರಾಜ ಅಂದು ಹೊಲಕ್ಕೆ ಹೋಗಿರಲಿಲ್ಲ. ತನ್ನ ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು, ಹೊರಗೆ ಕಟ್ಟೆಯ ಮೇಲೆ ಕುಳಿತು, ಬಂದುಹೋಗುವವರನ್ನೆಲ್ಲ "ಸುಮ್ಕಿರ್ರಿ, ತಂಗಿ ಪರೀಕ್ಷಾ ಐತಿ" ಎಂದು ತಡೆಯುತ್ತಿದ್ದ. ಅವನನ್ನು ಖಳನಾಯಕನೆಂದು ಬರೆದರೆ ಅದೂ ಒಂದು ಅನ್ಯಾಯವಾದೀತು.

ಧ್ವನಿಮುದ್ರಣ ಬಂತು. ಯಾವುದೋ ರೈತ ಮಹಿಳೆಯ ಸಂದರ್ಶನ. ಶಿವಲೀಲಾ ಬರೆಯತೊಡಗಿದಳು. ಎರಡು ದನಿಗಳು, ಧ್ವನಿಮುದ್ರಣದ್ದೊಂದು, ಓದಿ ಹೇಳುವುದೊಂದು, ಅವಳ ಕಿವಿಯಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. ಯಂತ್ರಕ್ಕೆ ಆ ಎರಡನ್ನು ಒಟ್ಟಿಗೆ ಹೊರುವ ಶಕ್ತಿಯಿರಲಿಲ್ಲ. ನಡುನಡುವೆ ಎರಡೂ ನಿಂತುಬಿಡುತ್ತಿದ್ದವು. ಅವಳು ಬೆರಳುಗಳನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದಳು; ಮತ್ತೆ ದನಿ ಬಂದಾಗ ಮತ್ತೆ ಓಡುತ್ತಿದ್ದಳು. ಆದರೂ ಮುಕ್ಕಾಲು ಭಾಗ ಮುಗಿಸಿದ್ದಳು.

ಆಗ ಕರೆಂಟು ಹೋಯಿತು.

ಪಡಸಾಲೆಯಲ್ಲಿ ಪರದೆ ಕಪ್ಪಾದದ್ದು ನಮಗೆಲ್ಲ ಕಂಡಿತು. ಅವಳಿಗೆ ಕಿವಿಯಲ್ಲಿ ಏನೂ ಕೇಳಿಸಲಿಲ್ಲ ಅಷ್ಟೇ. ಅದು ಯಂತ್ರ ಮತ್ತೆ ತಡವರಿಸಿದ್ದೆಂದು ತಿಳಿದು ಅವಳು ಬೆರಳುಗಳನ್ನು ಎತ್ತಿ ಹಿಡಿದು ಕಾಯುತ್ತಲೇ ಇದ್ದಳು. ಕರೆಂಟು ಹೋಗಿದೆ ಎಂದು ಅವಳಿಗೆ ಹೇಳುವುದನ್ನು ಬಿಟ್ಟು ನಾವು ಆ ಕಪ್ಪು ಪರದೆಯನ್ನೇ ನೋಡುತ್ತಿದ್ದೆವು.

"ಅಕ್ಕಾರ," ಎಂದಳು ಕೊನೆಗೆ, "ಫ್ಯಾನ್ ಸಪ್ಪಳ ನಿಂತೈತಲ್ಲರಿ?"

ಬಸವರಾಜ ಲೈನ್‌ಮನ್‌ ಮನೆಗೆ ಓಡಿದ. ಹದಿನೈದು ನಿಮಿಷದಲ್ಲಿ ಕರೆಂಟು ಬಂತು. ಯುಪಿಎಸ್ ಇದ್ದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಯಂತ್ರ ಮತ್ತೆ ಏಳಲು ಇನ್ನೂ ಏಳೆಂಟು ನಿಮಿಷ ತೆಗೆದುಕೊಂಡಿತು. ಬರೆದದ್ದರಲ್ಲಿ ಮೊದಲ ಪುಟವಷ್ಟೇ ಉಳಿದಿತ್ತು. ಹನ್ನೊಂದು ದಾಟಿತ್ತು. ನಾನು ಆ ಸಂಸ್ಥೆಗೆ ಫೋನ್ ಮಾಡಿ, ನಡೆದದ್ದನ್ನು ವಿವರಿಸಿ, ಇನ್ನೊಂದು ಅವಕಾಶ ಕೊಡಿರೆಂದು ಕೇಳಿದೆ. ನಿಯಮ ಎಲ್ಲರಿಗೂ ಒಂದೇ ಎಂದು ಆ ಕಡೆಯ ದನಿ ಬಹಳ ಸೌಜನ್ಯದಿಂದ ಹೇಳಿತು. ದಿನವಿಡೀ ಕರೆಂಟಿರುವ ನಗರಕ್ಕೂ ತೇರಗಾಂವಕ್ಕೂ ಒಂದೇ ನಿಯಮ ಎನ್ನುವುದು ಸಮಾನತೆಯಲ್ಲ ಎಂದು ಅವರಿಗೆ ಹೇಳಿದೆ. ಹೇಳುತ್ತಿದ್ದಾಗಲೇ ಸಮಾನತೆ ಎಂಬ ಆ ಶಬ್ದ ನನ್ನ ಬಾಯಲ್ಲಿ ಕಹಿಯಾಯಿತು. ಅದೇ ಶಬ್ದದ ಬಲದಿಂದ ನಾನೂ ಒಂದು ಅಂಗಡಿಯಲ್ಲಿ ಒಂದು ಚೀಟಿಯನ್ನು ತಿದ್ದಿಸಿದ್ದೆನಲ್ಲ.

ಮಧ್ಯಾಹ್ನ ಕಲ್ಲವ್ವ, "ಅಕ್ಕಾರನ್ನ ಬಸ್‌ಸ್ಟ್ಯಾಂಡ್ ತನಕ ಬಿಟ್ಟ ಬಾ," ಎಂದು ಮಗಳಿಗೆ ಹೇಳಿದರು. ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅರ್ಧ ದಾರಿಗೆ ಬಂದ ಮೇಲೆ ನಾನೇ ಕೇಳಿದೆ.

"ಅವತ್ತ ಅಂಗಡ್ಯಾಗ ನನ್ನ ಹೊರಗ ಕರದಿದ್ದಿಯಲ್ಲ. ಏನ್ ಹೇಳಬೇಕಂತ ಮಾಡಿದ್ದಿ?"

"ಈಗ್ಯಾಕ್ರಿ ಅದು?"

"ನನಗ ಬೇಕು."

ಅವಳು ನಿಂತಳು. "ಪರದೆ ಇರಲಿಲ್ಲಂದ್ರ ಆ ಡಬ್ಬಿ ನಮ್ಮ ಮನ್ಯಾಗ ಯಾರಿಗೂ ಬ್ಯಾಡಾಗಿರತಿತ್ತರಿ, ಅಕ್ಕಾರ. ಅಣ್ಣಗ ಬ್ಯಾಡ, ಓಣಿ ಮಂದಿಗೆ ಬ್ಯಾಡ. ನನಗೊಬ್ಬಾಕಿಗೇ ಬೇಕಾದ ಸಾಮಾನ ಆಗಿರತಿತ್ತು. ನನ್ನದು ಅನ್ನೂ ಸಾಮಾನ ನನಗ ಒಂದೂ ಇಲ್ಲರಿ. ಅದನ್ನ ಅಣ್ಣನ ಮುಂದ ಹೆಂಗ ಹೇಳಲಿ? ನೀ ಕಸಗೋತಿ ಅಂತ ನಾಲ್ಕು ಮಂದ್ಯಾಗ ಅಂದಂಗ ಆಗತಿತ್ತು. ಅವ ಕೆಟ್ಟಾವ ಅಲ್ಲರಿ. ಆದ್ರ ಕಣ್ಣ ಇದ್ದಾವ್ರು ಬೆಳಕ ಇದ್ದಲ್ಲಿ ಬಂದು ಕುಂಡ್ರತಾರ."

ಬಸ್ಸು ಬಂತು. ನಾನು ಹತ್ತಿದೆ. ಆ ಬಸ್ಸಿನ ಕಿಟಕಿಯಿಂದ ಹಿಂದಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ ನಿಂತು, ಬಸ್ಸಿನ ಸದ್ದು ಮುಗಿಯುವುದನ್ನು ಕಾಯುತ್ತಿದ್ದಳು.

ಮರುವಾರ ಖಾದರ್‌ಭಾಯಿಯವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆಂದು ನಿರೀಕ್ಷಿಸಿದ್ದೆ, ಬಹುಶಃ ಬೈಸಿಕೊಳ್ಳಲೆಂದೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಗಲತಿ ನಂದೂ ಐತಿ, ಬಾಯಾರ. ಮಷೀನ್ ಮುಂದ ಕೂಡಾವ್ರು ಯಾರು ಅಂತ ನಾನ ಕೇಳಿದೆ. ಆಕಿ ಉತ್ತರಾನೂ ಕೊಟ್ಟಳು. ಆದ್ರ ರೊಕ್ಕ ನಿಮ್ಮ ಕೈಯಾಗಿತ್ತು ನೋಡ್ರಿ, ಆಖರಿಗೆ ನಾ ನಿಮ್ಮ ಮಾತ ಕೇಳಿದೆ." ಎಂಟು ಜಿಬಿಯ ರ‍್ಯಾಮೊಂದನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟರು. "ಇದನ್ನ ಒಯ್ದು ಹಾಕೂಣು. ನನ್ನ ಕಡಿಂದ."

ಹಾಕಲು ಆಗಲಿಲ್ಲ. ಅಷ್ಟರಲ್ಲಿ ಬಸವರಾಜ ಹಳಿಯಾಳದ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಹಾಕಿದ್ದ. ಪರೀಕ್ಷೆ ಮುಗಿಯಿತಲ್ಲ, ಯಂತ್ರ ಸುಮ್ಮನೆ ಕುಳಿತಿದೆಯಲ್ಲ ಎಂದು, ಅದನ್ನು ಆ ಅಂಗಡಿಗೆ ಒಯ್ಯಲು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದರು. ಶಿವಲೀಲಾಳನ್ನೂ ಕೇಳಿದ್ದರಂತೆ, ಎಲ್ಲರ ಮುಂದೆ. ಅವಳು ಹೂಂ ಎಂದಿದ್ದಳಂತೆ. ಎಲ್ಲರ ಮುಂದೆ ಕೇಳಿದರೆ ಅವಳು ಬೇರೆ ಏನನ್ನಬಲ್ಲಳೆಂದು ನನಗೆ ಆಗ ತಿಳಿದಿತ್ತು. ಈಗ ಆ ಅಂಗಡಿಯಲ್ಲಿ ಅಂಗವಿಕಲರ ಮಾಸಾಶನದ ಅರ್ಜಿಗಳನ್ನೂ ತುಂಬಿಕೊಡುತ್ತಾರೆ.

ಪರದೆಯಿಲ್ಲದ ಇನ್ನೊಂದು ಕಂಪ್ಯೂಟರ್ ಕೊಡಿಸುವೆನೆಂದು ನಾನು ಎರಡು ಸಲ ಹೇಳಿದೆ. ಬೇಡವೆಂದಳು. ಮರುವರ್ಷದ ಪರೀಕ್ಷೆಗೆ ನೋಡೋಣ ಎಂದೆ. ಮರುವರ್ಷ ಆ ಸಂಸ್ಥೆ ಪರೀಕ್ಷೆಯನ್ನೇ ಕರೆಯಲಿಲ್ಲ. ವಿಚಾರಿಸಿದಾಗ, ದನಿಯನ್ನು ಕೇಳಿ ತಾನೇ ಬರೆದುಕೊಳ್ಳುವ ತಂತ್ರಾಂಶ ಬಂದಿದೆ, ಇನ್ನು ಆ ಕೆಲಸಕ್ಕೆ ಜನ ಬೇಡ ಎಂದರು. ಅಂದು ಆ ಒಂದು ಗಂಟೆಯಲ್ಲಿ ಅವಳು ಒಳಗೆ ಸೇರಿಬಿಟ್ಟಿದ್ದರೆ, ಇವತ್ತು ಇನ್ನೊಂದು ಕೆಲಸಕ್ಕೆ ಅನುಭವವಾದರೂ ಇರುತ್ತಿತ್ತು. ಆ ಬಾಗಿಲು ಸ್ವಲ್ಪವೇ ಹೊತ್ತು ತೆರೆದಿತ್ತು.

ಕಳೆದ ವರ್ಷ ಸುಗ್ಗಿಯ ಹೊತ್ತಿಗೆ ಮತ್ತೆ ತೇರಗಾಂವಕ್ಕೆ ಹೋದೆ. ಅವಳು ಹಿತ್ತಿಲ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ದೂರದಿಂದಲೇ ಒಂದು ಸಣ್ಣ ಟಕಟಕ ಸದ್ದು ಕೇಳಿಸಿತು. ಹತ್ತಿರ ಹೋಗಿ ನೋಡಿದೆ. ಅವಳ ತೊಡೆಯ ಮೇಲೆ ಆ ಹಳೆಯ ಕೀಬೋರ್ಡ್ ಇತ್ತು. ಅಣ್ಣ ಅಂಗಡಿಗೆ ಹೊಸದನ್ನು ತಂದುಕೊಂಡು ಇದನ್ನು ಮನೆಯಲ್ಲೇ ಬಿಟ್ಟಿದ್ದನಂತೆ. ಟಿಕಳಿಗಳಲ್ಲಿ ಎರಡು ಉದುರಿ ಒಂದು ಉಳಿದಿತ್ತು. ಅದರ ತಂತಿ ಯಾವುದಕ್ಕೂ ಸೇರದೆ ಕಟ್ಟೆಯ ಕೆಳಗೆ ಇಳಿಬಿದ್ದಿತ್ತು.

"ಬೆರಳ ಮರೀಬಾರದಂತ," ಎಂದಳು, ನಾನು ಏನೂ ಕೇಳುವ ಮೊದಲೇ.

ಅವಳು ಮತ್ತೆ ಬೆರಳಾಡಿಸಿದಳು. ವಾಕ್ಯದ ನಡುವೆ ನಿಲ್ಲುವಂತೆ ನಿಂತಳು, ಅಳಿಸುವ ಗುಂಡಿಯನ್ನು ಎರಡು ಸಲ ಒತ್ತಿದಳು, ಮುಂದುವರಿದಳು. ಯಾವುದನ್ನೋ ನಿಜವಾಗಿ ಬರೆಯುತ್ತಿದ್ದಳು.

"ಏನ್ ಬರದಿ?" ಎಂದು ಕೇಳಿದೆ.

"ನಿಮಗ ಕಾಣಂಗಿಲ್ಲ ಬಿಡ್ರಿ, ಅಕ್ಕಾರ," ಎಂದು ನಕ್ಕಳು. ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ವೈದ್ಯರಿಲ್ಲದ ಶಿಬಿರವನ್ನು, ಉತ್ತರಿಸದ ಕಚೇರಿಯನ್ನು, ನಿಯಮ ಒಂದೇ ಎಂದ ಸಂಸ್ಥೆಯನ್ನು, ದನಿಯನ್ನು ಕಿರಿಕಿರಿ ಎಂದ ಪಡಸಾಲೆಯನ್ನು ನಾನು ಮೇಲೆ ಹೆಸರಿಸಿದ್ದೇನೆ. ಅವುಗಳಲ್ಲಿ ಒಂದನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಖಾದರ್‌ಭಾಯಿಯವರ ಅಂಗಡಿಯಲ್ಲಿ ಅವಳು ತನ್ನ ಬಾಯಿಯಿಂದ ಕೇಳಿದ್ದು ಎರಡನ್ನು: ಪರದೆ ಬೇಡ, ಒಂದು ನಿಮಿಷ ಹೊರಗೆ ಬನ್ನಿ. ಎರಡನ್ನೂ ನಿರಾಕರಿಸಿದವಳು ಅವಳ ಪರವಾಗಿ ಹೋರಾಡುತ್ತಿದ್ದ ನಾನು.

ಈಗ ಯಾವ ಸಭೆಯಲ್ಲಿದ್ದರೂ ಯಾರಾದರೂ ಬಂದು, ಒಂದು ಮಾತಿದೆ, ಸ್ವಲ್ಪ ಹೊರಗೆ ಬರುತ್ತೀರಾ ಎಂದು ಕೇಳಿದರೆ, ಮಾತನ್ನು ಅರ್ಧಕ್ಕೆ ಬಿಟ್ಟಾದರೂ ನಾನು ಎದ್ದು ಹೋಗುತ್ತೇನೆ. ಅನೇಕರು ಕರೆದಿದ್ದಾರೆ. ಶಿವಲೀಲಾ ಮತ್ತೆ ಕರೆದಿಲ್ಲ.